ಮೀಟರ್‌ನಲ್ಲಿ ಏರ್ ಫುಲ್ ಇತ್ತು, ಆದರೂ ಲಾರಿ ನಿಲ್ಲಲಿಲ್ಲ: ಘಾಟಿ ಇಳಿಸುವವರು ಒಮ್ಮೆ ಓದಿ

ಯಲ್ಲಾಪುರದಿಂದ ಅಂಕೋಲಾ ಕಡೆಗೆ ಇಳಿಯುವ ಅರಬೈಲ್ ಘಾಟಿಯಲ್ಲಿ ಹತ್ತು ಚಕ್ರದ ಲಾರಿಯೊಂದು ಬ್ರೇಕ್ ಹಿಡಿಯದೆ ಗುಡ್ಡದ ಬದಿಗೆ ಗುದ್ದಿ ನಿಂತಿತು. ಮೆಕ್ಕೆಜೋಳದ ಲೋಡು. ಒಟ್ಟು ತೂಕ 28.5 ಟನ್ ಮಿತಿಯೊಳಗೇ ಇತ್ತು, ಎಫ್‌ಸಿಯೂ (ಫಿಟ್‌ನೆಸ್ ಸರ್ಟಿಫಿಕೇಟ್) ಚಾಲ್ತಿಯಲ್ಲಿತ್ತು. ಡ್ರೈವರ್‌ಗೆ ಕಾಲು ಮುರಿಯಿತು, ಕ್ಲೀನರ್ ತರಚುಗಾಯದಲ್ಲಿ ಪಾರಾದ. ಬಲಕ್ಕೆ ಹೋಗಿದ್ದರೆ ಕಣಿವೆ.

ಡ್ರೈವರ್ ಹೇಳಿದ್ದು ಒಂದೇ ಮಾತು: "ಮೀಟರ್‌ನಲ್ಲಿ ಏರ್ ಫುಲ್ ಇತ್ತು ಸರ್, ಪೆಡಲ್ ಒತ್ತಿದ್ರೆ ಗಾಡಿ ನಿಲ್ಲಲಿಲ್ಲ." ಇದನ್ನು ಯಾರೂ ನಂಬುವುದಿಲ್ಲ. ಸುಳ್ಳು ಹೇಳುತ್ತಾನೆ, ನಿದ್ದೆ ಮಾಡಿರಬೇಕು ಅನ್ನುತ್ತಾರೆ. ಆದರೆ ಅವನು ಹೇಳಿದ್ದು ಅಕ್ಷರಶಃ ನಿಜ. ದೊಡ್ಡ ಲಾರಿಯ ಬ್ರೇಕ್ ಕೆಲಸ ಮಾಡುವುದು ಟ್ಯಾಂಕಿನಲ್ಲಿ ಒತ್ತಿ ತುಂಬಿದ ಗಾಳಿಯಿಂದ, ಅದನ್ನೇ ಏರ್ ಅನ್ನುವುದು. ಟ್ಯಾಂಕಿನಲ್ಲಿ ಏರ್ ಇರುವುದು ಬೇರೆ, ಚಕ್ರದಲ್ಲಿ ಬ್ರೇಕ್ ಇರುವುದು ಬೇರೆ. ಇವೆರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಘಾಟಿ ಇಳಿಸುತ್ತಿರುವವರು ಬಹಳ ಜನ ಇದ್ದಾರೆ. ಅದಕ್ಕೇ ಈ ಬರಹ.

ಆ ದಿನ ನಡೆದದ್ದು ಇಷ್ಟು. ಘಾಟಿಯ ತಲೆಯಲ್ಲಿ ಡೀಸೆಲ್ ಉಳಿಯಲಿ ಎಂದು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಲಾಯಿತು. ವೇಗ 45–50ರಲ್ಲಿ ಇರಲೆಂದು ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ನಾಲ್ಕೈದು ಕಿಲೋಮೀಟರ್ ಇಳಿದರು. ಸುಟ್ಟ ವಾಸನೆ ಬಂತು. ತಿರುವಿನ ಮುಂದೆ ಬಸ್ಸೊಂದು ಕಂಡಾಗ ಪೆಡಲನ್ನು ಪೂರ್ತಿ ಒತ್ತಿದರೆ ಗಾಡಿ ಸ್ವಲ್ಪ ತಡವರಿಸಿತೇ ಹೊರತು ನಿಲ್ಲಲಿಲ್ಲ. ಆಗಲೂ ಮೀಟರ್ 7 ಬಾರ್ ಮೇಲೇ ಇತ್ತು. ಗಾಬರಿಯಲ್ಲಿ ಪೆಡಲನ್ನು ಹತ್ತಾರು ಸಲ ಒತ್ತಿ ಬಿಟ್ಟದ್ದರಿಂದ ಏರ್ 5ಕ್ಕಿಂತ ಕೆಳಗೆ ಬಂತು. ಏರ್ ಕಡಿಮೆಯಾದಾಗ ಎಚ್ಚರಿಸುವ ಬಜರ್ ಕೂಗಲಿಲ್ಲ, ಅದರ ವೈರನ್ನು ಯಾರೋ ಹಿಂದೆಯೇ ಕಿತ್ತಿದ್ದರು. ಮೂರನೇ ಗೇರ್ ಹಾಕಲು ನೋಡಿದರೆ ಹಲ್ಲು ಕಡಿಯಿತೇ ಹೊರತು ಬೀಳಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದರೂ ಅದೇ ಕಥೆ. ಕೊನೆಗೆ ಎಡಕ್ಕೆ ತಿರುಗಿಸಿ ಗುಡ್ಡಕ್ಕೆ ಒರೆಸಿದ್ದರಿಂದ ಇಬ್ಬರ ಜೀವ ಉಳಿಯಿತು.

ಗಾಡಿಯನ್ನು ಎಳೆದು ತಂದ ಮೇಲೆ ಹಿಂದಿನ ನಾಲ್ಕೂ ಬ್ರೇಕ್ ಚೇಂಬರ್‌ಗಳ ಪುಶ್‌ರಾಡ್ ಅಳೆದರು. ನಮ್ಮ ಕಡೆ ಬೂಸ್ಟರ್ ಎಂದು ಕರೆಯುವುದು ಈ ಚೇಂಬರ್‌ಗಳನ್ನೇ. ಏರ್ ಒಳಗೆ ಬಂದಾಗ ಇವು ಪುಶ್‌ರಾಡ್ ಎಂಬ ಸರಳನ್ನು ಹೊರಕ್ಕೆ ದೂಡುತ್ತವೆ, ಅದರಿಂದ ಲೈನರ್ (ಬ್ರೇಕ್ ಪಟ್ಟಿ) ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒತ್ತಿಕೊಳ್ಳುತ್ತದೆ. ಎಲ್ಲವೂ 30 ನಂಬರಿನವು. ಡ್ರಮ್ ತಣ್ಣಗಿದ್ದಾಗಲೇ ಪುಶ್‌ರಾಡ್‌ಗಳ ಓಟ 55, 58, 48 ಮತ್ತು 57 ಮಿ.ಮೀ. ಬಂತು. ಈ ಅಳತೆಯ ಚೇಂಬರ್‌ನಲ್ಲಿ ಪುಶ್‌ರಾಡ್ ಹೊರಬರಬಹುದಾದ ಪೂರ್ತಿ ದೂರವೇ ಸುಮಾರು 64 ಮಿ.ಮೀ. ಅದು 51 ದಾಟಿತೆಂದರೆ ಅಡ್ಜಸ್ಟ್‌ಮೆಂಟ್ ತಪ್ಪಿದೆ ಎಂದೇ ಲೆಕ್ಕ. ಅಂದರೆ ನಾಲ್ಕರಲ್ಲಿ ಮೂರು ಬ್ರೇಕ್ ಮನೆಯಿಂದ ಹೊರಡುವಾಗಲೇ ಕೆಟ್ಟಿದ್ದವು. ಸಪಾಟು ರಸ್ತೆಯಲ್ಲಿ ಅದು ಗೊತ್ತಾಗುವುದಿಲ್ಲ, ಏಕೆಂದರೆ ಡ್ರಮ್ ತಣ್ಣಗಿರುವಾಗ 55ರಲ್ಲೂ ಲೈನರ್ ಡ್ರಮ್ಮಿಗೆ ತಾಗಿ ಗಾಡಿ ನಿಲ್ಲುತ್ತದೆ.

ಬಿಸಿಯಾದಾಗ ಏನಾಗುತ್ತದೆ ನೋಡಿ. 410 ಮಿ.ಮೀ. ವ್ಯಾಸದ ಬೀಡುಕಬ್ಬಿಣದ ಡ್ರಮ್ 300 ಡಿಗ್ರಿಯಷ್ಟು ಕಾದರೆ ಅದರ ವ್ಯಾಸ 1.3 ಮಿ.ಮೀ.ಯಷ್ಟು ಹಿಗ್ಗುತ್ತದೆ. ಇದೇನು ಮಹಾ ಎನಿಸಬಹುದು. ಆದರೆ ಲೈನರ್ ಅಷ್ಟು ದೂರ ಹೆಚ್ಚು ಸರಿಯಬೇಕೆಂದರೆ ಎಸ್-ಕ್ಯಾಮ್ (ತಿರುಗಿ ಲೈನರನ್ನು ಹೊರಕ್ಕೆ ಒತ್ತುವ ಭಾಗ) ಇನ್ನಷ್ಟು ತಿರುಗಬೇಕು, ಸ್ಲ್ಯಾಕ್ ಅಡ್ಜಸ್ಟರ್ (ಪುಶ್‌ರಾಡನ್ನು ಕ್ಯಾಮ್‌ಗೆ ಜೋಡಿಸುವ ತೋಳು) ಇನ್ನಷ್ಟು ವಾಲಬೇಕು, ಪುಶ್‌ರಾಡ್ 10 ಮಿ.ಮೀ. ಆಸುಪಾಸು ಹೆಚ್ಚು ಹೊರಬರಬೇಕು. 55ಕ್ಕೆ 10 ಸೇರಿಸಿ: 65. ಇರುವುದೇ 64. ಪುಶ್‌ರಾಡ್‌ನ ಓಟ ಚೇಂಬರ್ ಒಳಗೇ ಮುಗಿದುಹೋಯಿತು. ಇನ್ನು ಎಷ್ಟು ಏರ್ ಕೊಟ್ಟರೂ ಆ ಒತ್ತಡವೆಲ್ಲ ಚೇಂಬರ್ ಗೋಡೆಯ ಮೇಲೆ, ಲೈನರ್ ಮೇಲೆ ಅಲ್ಲ. ಇದರ ಜೊತೆಗೆ ಅತಿಯಾಗಿ ಕಾದ ಲೈನರ್ ತನ್ನ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಎರಡೂ ಸೇರಿದಾಗ "ಏರ್ ಇದೆ, ಬ್ರೇಕ್ ಇಲ್ಲ" ಎಂಬ ಸ್ಥಿತಿ.

ಹ್ಯಾಂಡ್ ಬ್ರೇಕ್ ಏಕೆ ಕೈಕೊಟ್ಟಿತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಹಿಂದಿನ ಚೇಂಬರ್‌ನ ಹಿಂಭಾಗದಲ್ಲಿ ದಪ್ಪನೆಯ ಸ್ಪ್ರಿಂಗ್ ಇರುತ್ತದೆ. ಏರ್ ಅದನ್ನು ಒತ್ತಿ ಹಿಡಿದಿರುತ್ತದೆ. ಹ್ಯಾಂಡ್ ಬ್ರೇಕ್ ಎಳೆದಾಗ ಆ ಏರ್ ಹೊರಹೋಗಿ ಸ್ಪ್ರಿಂಗ್ ಬಿಚ್ಚಿಕೊಂಡು ಪುಶ್‌ರಾಡನ್ನು ದೂಡುತ್ತದೆ. ಏರ್ ಖಾಲಿಯಾದರೆ ಬ್ರೇಕ್ ತಾನಾಗಿ ಹಿಡಿಯುತ್ತದೆ ಎಂದು ಎಲ್ಲರೂ ಧೈರ್ಯವಾಗಿರುವುದು ಇದೇ ಸ್ಪ್ರಿಂಗ್ ನೆಚ್ಚಿಕೊಂಡು. ಆದರೆ ಅದು ದೂಡುವುದು ಅದೇ ಪುಶ್‌ರಾಡನ್ನು, ಅದೇ ಸ್ಲ್ಯಾಕ್ ಮೂಲಕ, ಅದೇ ಕಾದ ಡ್ರಮ್ಮಿಗೆ. ಪುಶ್‌ರಾಡ್‌ಗೆ ಹೋಗಲು ಜಾಗವೇ ಉಳಿದಿಲ್ಲದಿದ್ದರೆ ಸ್ಪ್ರಿಂಗ್ ಏನು ಮಾಡೀತು? ಸಾಲದ್ದಕ್ಕೆ ಸ್ಪ್ರಿಂಗ್ ಹೆಚ್ಚು ಬಿಚ್ಚಿಕೊಂಡಷ್ಟೂ ಅದರ ಬಲ ಕಡಿಮೆಯಾಗುತ್ತದೆ. ಹ್ಯಾಂಡ್ ಬ್ರೇಕ್ ಎಂಬುದು ಪ್ರತ್ಯೇಕವಾದ ಎರಡನೇ ಬ್ರೇಕ್ ಎಂದು ದಯವಿಟ್ಟು ಭಾವಿಸಬೇಡಿ.

ಪೆಡಲ್ ಪಂಪ್ ಮಾಡಿದ್ದರ ಬಗ್ಗೆಯೂ ಒಂದು ಮಾತು. ಪಿಕಪ್, ಮಿನಿ ಲಾರಿ ಓಡಿಸಿ ದೊಡ್ಡ ಗಾಡಿಗೆ ಬಂದವರಿಗೆ ಈ ಅಭ್ಯಾಸ ಇರುತ್ತದೆ. ಆಯಿಲ್ ಬ್ರೇಕ್‌ನಲ್ಲಿ ಪಂಪ್ ಮಾಡಿದರೆ ಪೆಡಲ್ ಮೇಲೆ ಬರುವುದುಂಟು. ಏರ್ ಬ್ರೇಕ್‌ನಲ್ಲಿ ಆಗುವುದು ಇದರ ಉಲ್ಟಾ: ಪ್ರತಿ ಸಲ ಕಾಲೆತ್ತಿದಾಗ ಚೇಂಬರ್‌ನಲ್ಲಿದ್ದ ಏರ್ 'ಫುಸ್' ಎಂದು ಹೊರಗೆ ಹೋಗುತ್ತದೆ, ಮತ್ತೆ ಒತ್ತಿದಾಗ ಟ್ಯಾಂಕಿನಿಂದ ಹೊಸ ಏರ್ ಬರಬೇಕು. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಧಾನಕ್ಕೆ ತಿರುಗುತ್ತಿರುವಾಗ ಕಂಪ್ರೆಸರ್ ಅಷ್ಟು ಬೇಗ ತುಂಬಿಸಲಾರದು.

ನ್ಯೂಟ್ರಲ್ ಏಕೆ ಬೇಡ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. 28.5 ಟನ್ ಗಾಡಿ, 100 ಮೀಟರ್‌ಗೆ 6 ಮೀಟರ್ ಇಳಿಯುವ ರಸ್ತೆ, ಗಂಟೆಗೆ 30 ಕಿ.ಮೀ. ವೇಗ. ಭೂಮಿ ಎಳೆಯುವ ಶಕ್ತಿ ಸುಮಾರು 140 ಕಿಲೋವ್ಯಾಟ್, ಅಂದರೆ 185 ಎಚ್‌ಪಿಗೂ ಹೆಚ್ಚು. ಟೈರು, ಗಾಳಿ ಕಳೆಯುವುದು ಅದರಲ್ಲಿ ಸಣ್ಣ ಪಾಲು. ಉಳಿದದ್ದನ್ನು ಎಂಜಿನ್ ತಡೆಯಬೇಕು, ಇಲ್ಲವೇ ಡ್ರಮ್‌ಗಳು ಶಾಖವಾಗಿ ನುಂಗಬೇಕು. ವೇಗ 50 ಆದರೆ ಅದು 230 ಕಿಲೋವ್ಯಾಟ್ ದಾಟುತ್ತದೆ. ನ್ಯೂಟ್ರಲ್ ಹಾಕಿದ ಕ್ಷಣ ಎಂಜಿನ್ ತಡೆಯೂ ಇಲ್ಲ, ಎಕ್ಸಾಸ್ಟ್ ಬ್ರೇಕೂ (ಹೊಗೆ ಕೊಳವೆ ಅಡ್ಡಗಟ್ಟಿ ಎಂಜಿನ್ ತಡೆ ಹೆಚ್ಚಿಸುವುದು) ಇಲ್ಲ, ಎಲ್ಲವೂ ಡ್ರಮ್ ತಲೆಗೆ. ಉಳಿಯುವ ಡೀಸೆಲ್ಲಾದರೂ ಎಷ್ಟು? ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲೇಟರ್ ಬಿಟ್ಟರೆ ಇಂಜೆಕ್ಟರ್ ಡೀಸೆಲ್ಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಡೀಸೆಲ್ ಬೇಕೇ ಬೇಕು. ಜೀವ ಒತ್ತೆಯಿಟ್ಟು ಮಾಡುವ ಉಳಿತಾಯವೇ ಸುಳ್ಳು.

ಇನ್ನು ಪರೀಕ್ಷೆ. ಪುಶ್‌ರಾಡ್ ಅಳೆಯಲು ಹತ್ತು ಚಕ್ರದ ಗಾಡಿಗೆ ಅರ್ಧ ಗಂಟೆ ಸಾಕು, ಬೇಕಾಗುವುದು ಸೀಮೆಸುಣ್ಣ, ಸ್ಟೀಲ್ ಸ್ಕೇಲ್, ಇಬ್ಬರು ಜನ. ಗಾಡಿಯನ್ನು ಸಪಾಟು ನೆಲದಲ್ಲಿ ನಿಲ್ಲಿಸಿ ಚಕ್ರಗಳ ಹಿಂದೆ ಮುಂದೆ ಮರದ ತುಂಡು ಕೊಡಿ. ಡ್ರಮ್ ತಣ್ಣಗಿರಬೇಕು. ಏರ್ ಪೂರ್ತಿ ತುಂಬಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಬಿಡಿ. ಇದು ಮುಖ್ಯ, ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಪುಶ್‌ರಾಡ್ ಆಗಲೇ ಹೊರಬಂದಿರುತ್ತದೆ, ಅಳತೆ ತಪ್ಪುತ್ತದೆ. ಚೇಂಬರ್ ಬಾಯಿಗೆ ಸರಿಯಾಗಿ ಪುಶ್‌ರಾಡ್ ಮೇಲೆ ಗುರುತು ಹಾಕಿ. ಕ್ಯಾಬಿನ್‌ನಲ್ಲಿರುವವರು 6ರಿಂದ 7 ಬಾರ್ ಇರುವಾಗ ಪೆಡಲನ್ನು ಪೂರ್ತಿ ಒತ್ತಿ ಹಿಡಿಯಲಿ. ಗುರುತು ಎಷ್ಟು ಹೊರಬಂತು ಅಳೆಯಿರಿ. ಚೇಂಬರ್ ಮೇಲೆ 30 ಎಂದಿದ್ದರೆ 51 ಮಿ.ಮೀ. ದಾಟಬಾರದು, 24 ಎಂದಿದ್ದರೆ 44 ದಾಟಬಾರದು. ಲಾಂಗ್ ಸ್ಟ್ರೋಕ್ (ಪುಶ್‌ರಾಡ್ ಓಟ ಹೆಚ್ಚಿರುವ) ಚೇಂಬರ್ ಆದರೆ ಮಿತಿ ಬೇರೆ, ಕಂಪನಿ ಕೈಪಿಡಿ ನೋಡಬೇಕು. ಒಂದೇ ಆಕ್ಸಲ್‌ನ ಎಡ ಬಲದ ಅಳತೆ ಹತ್ತಿರ ಹತ್ತಿರ ಇರಬೇಕು, ಇಲ್ಲದಿದ್ದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ.

ಕೈಯಿಂದಲೇ ಅಡ್ಜಸ್ಟ್ ಮಾಡುವ ಮ್ಯಾನುಯಲ್ ಸ್ಲ್ಯಾಕ್ ಆದರೆ ಲಾಕ್ ಕಾಲರನ್ನು ಸ್ಪ್ಯಾನರಿನಿಂದ ಒಳಕ್ಕೆ ಒತ್ತಿ ನಟ್ ತಿರುಗಿಸಿ. ಲೈನರ್ ಡ್ರಮ್ಮಿಗೆ ತಾಗಿದ ಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದಕ್ಕೆ ಬಿಟ್ಟು, ಕಾಲರ್ ಮತ್ತೆ ಹೊರಬಂದು ಲಾಕ್ ಆಯಿತೇ ನೋಡಿ, ಮತ್ತೊಮ್ಮೆ ಅಳೆಯಿರಿ. ನಟ್ ಯಾವ ಕಡೆ ತಿರುಗಿಸಬೇಕೆಂಬ ಅನುಮಾನ ಇದ್ದರೆ ಕ್ಯಾಮ್ ನೋಡಿ: ಬ್ರೇಕ್ ಹಾಕಿದಾಗ ಕ್ಯಾಮ್ ಯಾವ ದಿಕ್ಕಿಗೆ ತಿರುಗುತ್ತದೋ, ನಟ್ ತಿರುಗಿಸುವಾಗಲೂ ಕ್ಯಾಮ್ ಅದೇ ದಿಕ್ಕಿಗೆ ತಿರುಗಬೇಕು.

ಆಟೋ ಸ್ಲ್ಯಾಕ್ ಇರುವ ಗಾಡಿಯಲ್ಲಿ ಓಟ ಹೆಚ್ಚಿದ್ದರೆ ನಟ್ ಬಿಗಿ ಮಾಡಿ ಕಳಿಸುವುದು ಗ್ಯಾರೇಜುಗಳಲ್ಲಿ ದಿನಾ ನಡೆಯುವ ತಪ್ಪು. ತಾನಾಗಿ ಅಡ್ಜಸ್ಟ್ ಆಗಬೇಕಾದದ್ದು ಆಗುತ್ತಿಲ್ಲ ಎಂದರೆ ಅದಕ್ಕೆ ಕಾರಣ ಇರಲೇಬೇಕು. ಕಂಟ್ರೋಲ್ ಆರ್ಮ್ ಬ್ರಾಕೆಟ್ ಬಾಗಿದೆಯೇ ಮುರಿದಿದೆಯೇ, ಕ್ಯಾಮ್ ಬುಶ್ ಸವೆದಿದೆಯೇ, ಪಿನ್ ಸಡಿಲವೇ, ಸ್ಲ್ಯಾಕ್ ಒಳಗೇ ಜಾಮ್ ಆಗಿದೆಯೇ ನೋಡಬೇಕು. ಕೈಯಲ್ಲಿ ಬಿಗಿ ಮಾಡಿದರೆ ಕೆಲವು ದಿನ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಹಳೆಯ ಸ್ಥಿತಿಗೇ ಬರುತ್ತದೆ. ಅರಬೈಲ್‌ನ ಲಾರಿಯಲ್ಲಿ ಆಗಿದ್ದೂ ಇದೇ. ಎರಡು ಬ್ರಾಕೆಟ್ ಬಾಗಿದ್ದವು, ಇನ್ನೊಂದು ಕಡೆ ಆಟೋ ತೆಗೆದು ಮ್ಯಾನುಯಲ್ ಸ್ಲ್ಯಾಕ್ ಕೂರಿಸಿದ್ದರು.

ಏರ್ ಸೋರಿಕೆ ಪರೀಕ್ಷೆ ಇನ್ನೂ ಸುಲಭ. ಏರ್ ಪೂರ್ತಿ ತುಂಬಿಸಿ ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು ಪೆಡಲ್ ಒತ್ತಿ ಹಿಡಿಯಿರಿ. ಮೊದಲ ಇಳಿತ ಬಿಟ್ಟು, ಆಮೇಲಿನ ಒಂದು ನಿಮಿಷದಲ್ಲಿ 0.2 ಬಾರ್‌ಗಿಂತ ಹೆಚ್ಚು ಇಳಿಯಬಾರದು. ಬಳಿಕ ಕೀ ಆನ್ ಇಟ್ಟು ಪೆಡಲನ್ನು ಒತ್ತಿ ಬಿಟ್ಟು ಏರ್ ಇಳಿಸುತ್ತಾ ಹೋಗಿ: 4 ಬಾರ್‌ಗೆ ಬರುವ ಮೊದಲೇ ಬಜರ್, ಕೆಂಪು ದೀಪ ಬರಲೇಬೇಕು. ಬಜರ್ ಕಿರಿಕಿರಿ ಎಂದು ವೈರ್ ಕಿತ್ತ ಗಾಡಿಗಳು ಎಷ್ಟೋ ಇವೆ. ಇವತ್ತೇ ಜೋಡಿಸಿ. ಮತ್ತೆ ಎಂಜಿನ್ ಸ್ಟಾರ್ಟ್ ಮಾಡಿದಾಗ 6ರಿಂದ 7 ಬಾರ್‌ಗೆ ಏರಲು ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಕಂಪ್ರೆಸರ್ ಅಥವಾ ಪೈಪ್ ಕಡೆ ನೋಡಿ.

ದಿನಾ ಸಂಜೆ ಟ್ಯಾಂಕಿನ ಡ್ರೈನ್ ಎಳೆಯಿರಿ. ನೀರು ಬಂದರೆ ಏರ್ ಡ್ರೈಯರ್ ಕಾರ್ಟ್ರಿಜ್ ಮುಗಿದಿದೆ, ಕಪ್ಪು ಎಣ್ಣೆ ಬಂದರೆ ಕಂಪ್ರೆಸರ್ ರಿಂಗ್ ಹೋಗಿದೆ. ಆ ಎಣ್ಣೆ ವಾಲ್ವ್‌ಗಳ ರಬ್ಬರನ್ನು ತಿನ್ನುತ್ತದೆ.

ಸ್ಪ್ರಿಂಗ್ ಚೇಂಬರ್ ಬಗ್ಗೆ ಮೆಕಾನಿಕ್ ಹುಡುಗರಿಗೆ ಖಂಡಿತ ಹೇಳಬೇಕಾದದ್ದು ಒಂದಿದೆ. ಅದರ ಹಿಂಭಾಗದ ಕ್ಲಾಂಪ್ ಬಿಚ್ಚಬೇಡಿ. ಒಳಗೆ ಅದುಮಿಟ್ಟ ಸ್ಪ್ರಿಂಗ್ ನೂರಾರು ಕಿಲೋ ಬಲದಲ್ಲಿ ಹಾರುತ್ತದೆ, ಇದರಿಂದ ತಲೆಗೆ ಪೆಟ್ಟು ಬಿದ್ದು ಸತ್ತವರಿದ್ದಾರೆ. ಕೆಟ್ಟಿದ್ದರೆ ಇಡೀ ಯೂನಿಟ್ ಬದಲಿಸಿ. ದಾರಿಯಲ್ಲಿ ಡಯಾಫ್ರಾಮ್ (ಚೇಂಬರ್ ಒಳಗಿನ ರಬ್ಬರ್ ಪೊರೆ) ಹರಿದು ಬ್ರೇಕ್ ಜಾಮ್ ಆದಾಗ ಹಿಂದಿನ ಬೋಲ್ಟ್ ತಿರುಗಿಸಿ ಸ್ಪ್ರಿಂಗ್ ಅದುಮಿ ಗಾಡಿ ಬಿಡಿಸುವುದುಂಟು. ಅದು ಗ್ಯಾರೇಜ್‌ವರೆಗೆ ಸಾಗಿಸಲು ಮಾತ್ರ. ಹಾಗೆ ಮಾಡಿದ ಚಕ್ರಕ್ಕೆ ಹ್ಯಾಂಡ್ ಬ್ರೇಕ್ ಇರುವುದಿಲ್ಲ, ಲೋಡ್ ಹೊತ್ತು ಘಾಟಿಗೆ ಇಳಿಯಬೇಡಿ.

ಅರಬೈಲ್ ಇರಲಿ, ಶಿರಾಡಿ ಇರಲಿ, ಸೇಲಂ ದಾರಿಯ ತೊಪ್ಪೂರು ಇರಲಿ, ಇಳಿಯುವ ಕ್ರಮ ಒಂದೇ. ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರ್‌ಗೆ ಬನ್ನಿ, ಎಕ್ಸಾಸ್ಟ್ ಬ್ರೇಕ್ ಆನ್ ಮಾಡಿ. ವೇಗ ಏರಿದ ಮೇಲೆ ಗೇರ್ ಬೀಳುವುದಿಲ್ಲ. ಎಂಜಿನ್ ತಡೆದ ಮೇಲೂ ವೇಗ 30 ಮುಟ್ಟಿತು ಎನ್ನಿ, ಆಗ ಪೆಡಲನ್ನು ಗಟ್ಟಿಯಾಗಿ ಒತ್ತಿ 22ಕ್ಕೆ ಇಳಿಸಿ ಪೂರ್ತಿ ಬಿಡಿ. ಎರಡು ಮೂರು ಸೆಕೆಂಡಿನ ಕೆಲಸ. ಮತ್ತೆ 30 ಆದಾಗ ಮತ್ತೆ ಒತ್ತಿ. ಸಡಿಲವಾಗಿ ಕಾಲಿಟ್ಟುಕೊಂಡೇ ಇಳಿದರೆ, ಅಡ್ಜಸ್ಟ್‌ಮೆಂಟ್ ಸರಿಯಿರುವ ಒಂದೆರಡು ಚಕ್ರಗಳೇ ಎಲ್ಲ ಕೆಲಸ ಮಾಡಿ ಸುಡುತ್ತವೆ. ಎಬಿಎಸ್ ಇದೆ ಎಂದು ಮೈಮರೆಯಬೇಡಿ, ಅದು ಚಕ್ರ ಲಾಕ್ ಆಗದಂತೆ ನೋಡುತ್ತದೆ ಅಷ್ಟೇ, ಕಾದ ಡ್ರಮ್ಮಿಗೆ ಅದರ ಬಳಿ ಔಷಧಿ ಇಲ್ಲ.

ಇಷ್ಟಾದರೂ ಪೆಡಲ್ ಹಿಡಿಯಲಿಲ್ಲ ಎಂದಾದರೆ ಪಂಪ್ ಮಾಡದೆ ಒತ್ತಿ ಹಿಡಿಯಿರಿ, ಎಂಜಿನ್ ಆಫ್ ಮಾಡಬೇಡಿ, ಸ್ಟೇರಿಂಗ್ ಕಲ್ಲಾಗುತ್ತದೆ. ಲೈಟ್, ಹಾರ್ನ್ ಹಾಕಿ. ಗುಡ್ಡದ ಬದಿಯ ಮಣ್ಣು, ಮರಳು, ಏರುದಾರಿ ಯಾವುದು ಮೊದಲು ಸಿಕ್ಕರೂ ಅಲ್ಲಿಗೆ ತಿರುಗಿಸಿ. 40ರಲ್ಲಿ ಗುಡ್ಡಕ್ಕೆ ಒರೆಸುವುದು 80ರಲ್ಲಿ ತಿರುವು ತಪ್ಪುವುದಕ್ಕಿಂತ ಎಷ್ಟೋ ಮೇಲು, ಹಾಗಾಗಿ ಮುಂದೆ ನೋಡೋಣ ಎಂದು ಕಾಯಬೇಡಿ.

ಘಾಟಿ ಇಳಿದ ಮೇಲೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಒಂದು ಸುತ್ತು ಬನ್ನಿ. ಡ್ರಮ್ ಮುಟ್ಟಬೇಡಿ, ಕೈ ಹತ್ತಿರ ಹಿಡಿದರೆ ಶಾಖ ಗೊತ್ತಾಗುತ್ತದೆ. ಕಾದ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ಎಲ್ಲ ಡ್ರಮ್‌ಗಳೂ ಬಿಸಿಯಾಗಿದ್ದು ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರ ಇಡೀ ಘಾಟಿಯಲ್ಲಿ ಬ್ರೇಕ್ ಹಿಡಿದೇ ಇಲ್ಲ. ಮುಂದಿನ ಲೋಡಿಗೆ ಮೊದಲು ಪುಶ್‌ರಾಡ್ ಅಳೆಯಬೇಕಾದದ್ದು ಅಲ್ಲಿಂದಲೇ.