ಮಲ್ಪೆಯ ಗರುಡಗಳ ಹಿಂದೆ ನಾಲ್ಕು ವರ್ಷ: ನಿಕಾನ್ 200-500 ಲೆನ್ಸ್

ನಿಕಾನ್ 200-500 ಎಂಎಂ ಎಫ್/5.6 ಲೆನ್ಸನ್ನು ಡಿ500 ಕ್ಯಾಮೆರಾಕ್ಕೆ ಹಾಕಿ ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ತೆಗೆಯುವುದು ಹೆಚ್ಚಾಗಿ ಮಲ್ಪೆ ಬಂದರಿನ ಗರುಡಗಳನ್ನು.

ಮೊದಲ ವರ್ಷ ಶಟರ್ ವೇಗ ಯಾವಾಗಲೂ 1/2500 ಸೆಕೆಂಡಿನಲ್ಲೇ ಇರುತ್ತಿತ್ತು. ಗರಿಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ. ಖುಷಿಯಲ್ಲಿ ಒಂದು ಪ್ರಿಂಟ್ ಹಾಕಿಸಿ ಬೋಟಿನಲ್ಲಿ ಕೆಲಸ ಮಾಡುವ ಅಣ್ಣನೊಬ್ಬರಿಗೆ ಕೊಟ್ಟೆ. "ಚಂದ ಉಂಟು ಮಾರಾಯ್ರೆ. ಆದ್ರೆ ನೂಲು ಕಟ್ಟಿ ನೇತು ಹಾಕಿದ ಹಾಗೆ ಕಾಣ್ತದೆ" ಅಂದರು. ದಿನವಿಡೀ ಗರುಡ ನೋಡುವ ಕಣ್ಣು ಅವರದು. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಆಮೇಲೆ 1/80ಕ್ಕೆ ಇಳಿದೆ. ಹಕ್ಕಿಯ ವೇಗಕ್ಕೇ ಲೆನ್ಸ್ ತಿರುಗಿಸುತ್ತಾ ಹೋಗಬೇಕು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಆ ಕಡೆಗೆ ಪಾದ ಇಟ್ಟು, ಸೊಂಟದಿಂದ ಮೇಲೆ ಮಾತ್ರ ತಿರುಗುತ್ತೇನೆ. ಕ್ಲಿಕ್ ಆದ ಮೇಲೂ ಕೈ ನಿಲ್ಲಿಸುವುದಿಲ್ಲ. ಕೈ ನಡುಕ ತಡೆಯುವ ವಿಆರ್ ಸ್ವಿಚ್ ಸ್ಪೋರ್ಟ್‌ನಲ್ಲಿ, ಫೋಕಸ್ ಸ್ವಿಚ್ 6 ಮೀಟರ್‌ನಿಂದ ಆಚೆಗೆ. ಟ್ರೈಪಾಡ್‌ಗೆ ಕೂರಿಸುವ ಕಾಲರ್ ಸೇರಿ ಲೆನ್ಸಿನ ತೂಕ 2.3 ಕೆಜಿ. ಅರ್ಧ ಗಂಟೆಗೆ ಭುಜ ಹಿಡಿದುಕೊಳ್ಳುತ್ತದೆ, ನಿಜ. ಆದರೆ ಹೀಗೆ ತಿರುಗಿಸುವಾಗ ಆ ತೂಕವೇ ಕೈ ನಡುಗದಂತೆ ನೋಡಿಕೊಳ್ಳುತ್ತದೆ.

ಗರುಡ ರೆಕ್ಕೆ ಬಡಿಯುವಾಗ ಮೈಯೂ ಮೇಲೆ ಕೆಳಗೆ ಆಡುತ್ತದೆ. ಆಗ 1/125 ಬೇಕು. ರೆಕ್ಕೆ ಚಾಚಿ ತೇಲುತ್ತಾ ನೀರಿಗೆ ಇಳಿಯುವಾಗ 1/60 ಸಾಕು. ಬಾಲ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಕಾಲು ಮುಂದಕ್ಕೆ ಬರುತ್ತದೆ, ಮೀನು ಎತ್ತಿಕೊಂಡು ಹಾರುತ್ತಲೇ ಕುತ್ತಿಗೆ ಬಗ್ಗಿಸಿ ತಿನ್ನುತ್ತದೆ. ಆ ಹೊತ್ತಿಗೆ ಬಿಳಿ ತಲೆ, ಕಣ್ಣು ಸ್ಪಷ್ಟವಾಗಿ ಸಿಕ್ಕರೆ ಸಾಕು. ರೆಕ್ಕೆ ತುದಿ ಕರಗಿ, ಹಿಂದಿನ ನೀಲಿ ಹಸಿರು ಬೋಟುಗಳೆಲ್ಲ ಉದ್ದ ಗೆರೆಯಾಗುತ್ತವೆ. ಹಿಂದೆ ಬರೀ ಆಕಾಶ ಇದ್ದರೆ ಓಟ ಕಾಣುವುದೇ ಇಲ್ಲ, ಅದಕ್ಕೇ ಬಂದರು ನನಗಿಷ್ಟ. ಇನ್ನೂರು ಫೋಟೊದಲ್ಲಿ ನಾಲ್ಕು ಸಿಕ್ಕರೆ ಒಳ್ಳೆಯ ದಿನ.

ಜೂನ್, ಜುಲೈ ಎರಡು ತಿಂಗಳು ಟ್ರಾಲಿಂಗ್ (ಯಾಂತ್ರಿಕ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಆಗಸ್ಟ್‌ನಲ್ಲಿ ಬೋಟು ಮತ್ತೆ ಹೊರಟಾಗ ಮೋಡವೂ ಇರುತ್ತದೆ, ಇದೇ ಒಳ್ಳೆಯ ಕಾಲ. ಡಿಸೆಂಬರ್ ಬಿಸಿಲಲ್ಲಿ ಇಷ್ಟು ನಿಧಾನ ಶಟರ್‌ಗೆ ಬೆಳಕು ಜಾಸ್ತಿ, ಲೆನ್ಸಿನ ಕಿಂಡಿ ಕಿರಿದು ಮಾಡುತ್ತಾ ಎಫ್/22ರ ತನಕ ಹೋಗಬೇಕು, ಸೆನ್ಸರ್ ಮೇಲಿನ ಧೂಳೆಲ್ಲ ಚುಕ್ಕೆಯಾಗಿ ಕಾಣುತ್ತದೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕೋಣ ಅಂದರೆ 95 ಎಂಎಂ ಅಳತೆಯದು ಬೇಕು, ದುಬಾರಿ.

ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಟ್ರೈಪಾಡ್ ಹೆಡ್ ಒಂದು ಜೆಟ್ಟಿಯ ಮೇಲೆ ಜಾರಿ, ಲೆನ್ಸ್ ಮುಂದಕ್ಕೆ ವಾಲಿತ್ತು. ಸದ್ಯ, ಕೈಗೆ ಸಿಕ್ಕಿತು. ದಯವಿಟ್ಟು ಅಲ್ಲಿ ದುಡ್ಡು ಉಳಿಸಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಟಾರ್ಚ್ ಬೆಳಕು ಹಾಯಿಸಿ ಒಳಗಿನ ಗಾಜು ನೋಡಿ. ಕರಾವಳಿಯಲ್ಲಿ ಫಂಗಸ್ ಬಹಳ ಬೇಗ ಹಿಡಿಯುತ್ತದೆ. ನನ್ನದು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇರುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಜೆಲ್ ಒಣಗಿಸುತ್ತೇನೆ. ಗಾಜು ಇವತ್ತಿಗೂ ಶುದ್ಧವಾಗಿದೆ.