ಕಂಬದೊಳಗೆ ಹೂತ ಗಾಜಿನ ಎಳೆ: ಸೋಫೋ ಸೆನ್ಸರ್ ವ್ಯವಸ್ಥೆಯ ವಿಮರ್ಶೆ

ಸ್ವಿಟ್ಜರ್ಲೆಂಡಿನ ಲೊಸಾನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡು ಸ್ಮಾರ್ಟೆಕ್ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂದ ಸೋಫೋ ಫೈಬರ್ ಆಪ್ಟಿಕ್ ಸೆನ್ಸರ್, ಅಂದರೆ ಗಾಜಿನ ಎಳೆಯೊಳಗಿನ ಬೆಳಕಿನಿಂದ ಕಾಂಕ್ರೀಟಿನ ಹಿಗ್ಗು-ಕುಗ್ಗುಗಳನ್ನು ಅಳೆಯುವ ಸಾಧನ, ಹೆಚ್ಚಾಗಿ ಸೇತುವೆಗಳಿಂದಲೇ ಹೆಸರು ಪಡೆದಿದೆ. ಆದರೆ ಅದರ ಯೋಗ್ಯತೆಯನ್ನು ಅಳೆಯಬೇಕಾದದ್ದು ಜನ ವಾಸಿಸುವ ಕಟ್ಟಡದ ಕಂಬಗಳಲ್ಲಿ ಎಂಬುದು ನನ್ನ ನಿಲುವು. ಸಿಂಗಪುರದ ವಸತಿ ಮಂಡಳಿ 2001ರಲ್ಲಿ ಪುಂಗೋಲ್ ಬಡಾವಣೆಯ 19 ಮಹಡಿಗಳ ಕಟ್ಟಡವೊಂದರಲ್ಲಿ, ನೆಲಮಟ್ಟದ 10 ಕಂಬಗಳ ಒಳಗೆ ಈ ಸೆನ್ಸರ್‌ಗಳನ್ನು ಹೂಳಿಸಿತು.

ಕಂಬಗಳನ್ನೇ ಆರಿಸಿಕೊಂಡದ್ದು ಸರಿಯಾದ ನಿರ್ಧಾರ. 1986ರಲ್ಲಿ ಅದೇ ನಗರದ ಹೋಟೆಲ್ ನ್ಯೂ ವರ್ಲ್ಡ್ ಕುಸಿದು 33 ಜನ ಸತ್ತಾಗ, ವಿನ್ಯಾಸದ ಲೆಕ್ಕದಲ್ಲಿ ಕಟ್ಟಡದ ಸ್ವಂತ ಭಾರವನ್ನೇ ಸೇರಿಸಿರಲಿಲ್ಲವೆಂದು ತನಿಖೆ ಕಂಡುಕೊಂಡಿತ್ತು. ಕಂಬವೊಂದು ತನ್ನ ಶಕ್ತಿ ಮೀರಿ ಹೊರುತ್ತಿದೆ ಎಂಬುದು ಬಿರುಕು ಮೇಲ್ಮೈಗೆ ಬಂದ ಮೇಲೆ ಮಾತ್ರ ಕಣ್ಣಿಗೆ ಬೀಳುತ್ತದೆ. ಅಷ್ಟು ಹೊತ್ತಿಗೆ ತಡವಾಗಿರಬಹುದು.

ಸೆನ್ಸರ್‌ನ ಕೊಳವೆಯಲ್ಲಿ ಎರಡು ಫೈಬರ್‌ಗಳಿವೆ. ಒಂದು ಎರಡೂ ತುದಿಗಳಲ್ಲಿ ಕಾಂಕ್ರೀಟಿಗೆ ಬಿಗಿದುಕೊಂಡು ಅದರೊಡನೆ ಹಿಗ್ಗುತ್ತದೆ, ಕುಗ್ಗುತ್ತದೆ. ಇನ್ನೊಂದು ಸಡಿಲವಾಗಿದ್ದು ಹೋಲಿಕೆಗೆ ಆಧಾರವಾಗುತ್ತದೆ. ಇವೆರಡರ ಉದ್ದದ ವ್ಯತ್ಯಾಸವನ್ನು ಹೊರಗಿನ ಯಂತ್ರ ಬೆಳಕಿನ ಮೂಲಕ 2 ಮೈಕ್ರಾನ್‌ನಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸೂಕ್ಷ್ಮವಾಗಿ ಓದುತ್ತದೆ. ಯಂತ್ರವನ್ನು ಕಳಚಿಕೊಂಡು ಹೋಗಿ ವರ್ಷಗಳ ನಂತರ ತಂದು ಜೋಡಿಸಿದರೂ ಹಳೆಯ ಅಳತೆಯೊಡನೆ ಹೊಸದನ್ನು ನೇರವಾಗಿ ಹೋಲಿಸಬಹುದು. ಹತ್ತಾರು ವರ್ಷ ನಿಲ್ಲಬೇಕಾದ ಕಟ್ಟಡಕ್ಕೆ ಇದಕ್ಕಿಂತ ಉಪಯುಕ್ತವಾದ ಗುಣ ಬೇರೊಂದಿಲ್ಲ, ಮತ್ತು ನಾನು ಈ ವ್ಯವಸ್ಥೆಯನ್ನು ಮೆಚ್ಚುವುದು ಮುಖ್ಯವಾಗಿ ಇದಕ್ಕಾಗಿಯೇ. ಸೆನ್ಸರ್‌ನೊಳಗೆ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಲಿಫ್ಟ್ ಮೋಟಾರು, ವಿದ್ಯುತ್ ತಂತಿಗಳ ತೊಂದರೆಯೂ ಅದಕ್ಕೆ ತಟ್ಟದು.

ಈ ಸೂಕ್ಷ್ಮತೆ ಸಾಕೇ? ಸಾಮಾನ್ಯ ಕಾಂಕ್ರೀಟಿನಲ್ಲಿ ಚದರ ಮಿಲಿಮೀಟರಿಗೆ 1 ನ್ಯೂಟನ್ ಒತ್ತಡ ಹೆಚ್ಚಾದರೆ 2 ಮೀಟರ್ ಉದ್ದದ ಭಾಗ ಸುಮಾರು 67 ಮೈಕ್ರಾನ್ ಕುಗ್ಗುತ್ತದೆ. ಆದ್ದರಿಂದ ಧಾರಾಳವಾಗಿ ಸಾಕು. ಆದರೆ ತಾಪಮಾನ 1 ಡಿಗ್ರಿ ಏರಿದರೆ ಅದೇ ಭಾಗ ಸುಮಾರು 20 ಮೈಕ್ರಾನ್ ಹಿಗ್ಗುತ್ತದೆ. ಸಡಿಲ ಫೈಬರ್ ಸರಿದೂಗಿಸುವುದು ಗಾಜಿನ ಮೇಲಿನ ತಾಪದ ಪರಿಣಾಮವನ್ನು ಮಾತ್ರ. ಕಂಬದ ಸ್ವಂತ ಹಿಗ್ಗುವಿಕೆ ಅಳತೆಯಲ್ಲಿ ಉಳಿದೇ ಇರುತ್ತದೆ. ಇದರ ಮೇಲೆ, ಭಾರ ಬದಲಾಗದಿದ್ದರೂ ಕಾಂಕ್ರೀಟು ಒಣಗುತ್ತಾ, ನಿರಂತರ ಒತ್ತಡಕ್ಕೆ ಮಣಿಯುತ್ತಾ ವರ್ಷಗಟ್ಟಲೆ ಕುಗ್ಗುತ್ತದೆ. ಇವನ್ನೆಲ್ಲ ಬಿಡಿಸಿ ಲೆಕ್ಕ ಹಾಕಬಲ್ಲ ಎಂಜಿನಿಯರ್ ಇಲ್ಲದಿದ್ದರೆ ಪರದೆಯ ಮೇಲಿನ ಅಂಕಿಗಳಿಂದ ಯಾರಿಗೂ ರಕ್ಷಣೆ ಸಿಗದು. ಪುಂಗೋಲ್‌ನಲ್ಲಿ ಮಹಡಿಯೊಂದು ಏರಿದಂತೆಲ್ಲ ಅಳತೆ ತೆಗೆದುಕೊಂಡದ್ದರಿಂದ, ಯಾವ ಕುಗ್ಗುವಿಕೆ ಯಾವ ಭಾರದ್ದೆಂದು ಗುರುತಿಸಲು ದಾರಿಯಾಯಿತು.

ನನ್ನ ಮುಖ್ಯ ಆಕ್ಷೇಪ ಕಂಬಕ್ಕೆ ಒಂದೇ ಸೆನ್ಸರ್ ಇರಿಸಿದ್ದರ ಬಗ್ಗೆ. ಕಂಬ ಬಾಗಿದಾಗ ಒಂದು ಮಗ್ಗುಲು ಹೆಚ್ಚು ಕುಗ್ಗಿ ಎದುರು ಮಗ್ಗುಲು ಕಡಿಮೆ ಕುಗ್ಗುವುದರಿಂದ, ನಡುವಿನಿಂದ ಸರಿದು ಕುಳಿತ ಒಂಟಿ ಸೆನ್ಸರ್‌ಗೆ ಭಾರವನ್ನೂ ಬಾಗುವಿಕೆಯನ್ನೂ ಬೇರ್ಪಡಿಸಲು ಆಗದು. ಖರ್ಚು ಉಳಿಸಲೇಬೇಕೆಂದಿದ್ದರೆ ಕಂಬಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಮುಖ್ಯ ಕಂಬಗಳಲ್ಲಾದರೂ ಎದುರುಬದುರಾಗಿ ಎರಡೆರಡು ಹಾಕಬೇಕು.

ಬೆಂಗಳೂರಿನಲ್ಲಿ ಬಹುಮಹಡಿ ಕಟ್ಟಡ ಕಟ್ಟಿಸುವವರು ಇಂಥ ವ್ಯವಸ್ಥೆಯನ್ನು ಪರಿಗಣಿಸುವುದಾದರೆ ಎರಕ ಹಾಕುವ ಮೊದಲೇ, ಸರಳು ಕಟ್ಟುವಾಗಲೇ ನಿರ್ಧರಿಸಬೇಕು. ಮುಗಿದ ಕಂಬದ ಮೇಲೆ ಅಂಟಿಸಿದ ಸೆನ್ಸರ್ ಅಂದಿನಿಂದ ಮುಂದಿನ ಬದಲಾವಣೆಯನ್ನಷ್ಟೇ ಹೇಳುತ್ತದೆ. ಕಂಬ ಈಗಾಗಲೇ ಎಷ್ಟು ಹೊತ್ತಿದೆ ಎಂಬುದನ್ನು ಹೇಳದು. ಹಲಗೆ ಬಿಚ್ಚುವಾಗ ಹೊರಚಾಚಿದ ಕೇಬಲ್ ತುದಿ ತುಂಡಾಗದಂತೆ ಪೆಟ್ಟಿಗೆಯಲ್ಲಿಟ್ಟು ಕಾಪಾಡಬೇಕು. ಕೀಲಿಕೈ ಹಸ್ತಾಂತರಿಸುವಾಗ ಮೊದಲ ದಿನದಿಂದ ಬಂದ ಅಳತೆಗಳ ಕಡತವನ್ನೂ, ಯಾವ ಸೆನ್ಸರ್ ಯಾವ ಕಂಬದಲ್ಲಿದೆ ಎಂಬ ನಕ್ಷೆಯನ್ನೂ ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕೆಂದು ಕರಾರಿನಲ್ಲೇ ಬರೆಸಿಕೊಳ್ಳಬೇಕು.