ಹಳೆಯ ಜರ್ಮನ್ ಅಚ್ಚಿನ ಪುಟಗಳು: ಮೂರು ಉಪಾಯಗಳ ಹೋಲಿಕೆ

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೇಲೆ ತಮ್ಮ ದೇಶದವರಿಗಾಗಿ ಅಚ್ಚು ಹಾಕಿಸಿದ ವರದಿಗಳು ರಾಶಿ ರಾಶಿ. ಕರಾವಳಿಯ ಹಳೆಯ ಸುದ್ದಿ ಹುಡುಕುವವರಿಗೆ ಅದೊಂದು ಗಣಿ. ತೊಡಕೆಂದರೆ ಭಾಷೆ ಜರ್ಮನ್, ಅಚ್ಚು ಫ್ರಾಕ್ಟೂರ್ ಎಂಬ ಮೊನೆಮೊನೆಯ ಹಳೆಯ ಅಕ್ಷರ. ಜರ್ಮನ್ ಬಾರದ ನಾನು ಮನೆಯ ಕಂಪ್ಯೂಟರಿನಲ್ಲಿ ಮೂರು ಉಪಾಯಗಳನ್ನು ಒಂದೇ ಪುಟದ ಮೇಲೆ ಪ್ರಯೋಗಿಸಿದೆ.

ಮೊದಲನೆಯದು, ಪಿಡಿಎಫ್ ಕಡತವನ್ನು ಅಂತರಜಾಲದ ಅನುವಾದ ಸೇವೆಗೆ ಏರಿಸುವುದು. ಬೆರಳೆಣಿಕೆಯ ಕ್ಲಿಕ್‌ಗಳಲ್ಲಿ ಮುಗಿಯುತ್ತದೆ, ಫಲ ಮಾತ್ರ ಅಷ್ಟಕ್ಕಷ್ಟೆ. ಸ್ಕ್ಯಾನ್ ಮಾಡಿದ ಪುಟ ಮೂಲತಃ ಚಿತ್ರ. ಅದರ ಹಿಂದೆ ಯಂತ್ರ ಗುರುತಿಸಿ ಅಡಗಿಸಿಟ್ಟ ಪಠ್ಯ ಕೆಟ್ಟಿದ್ದರೆ ಅನುವಾದಕ ಏನು ತಾನೇ ಮಾಡೀತು? ಫ್ರಾಕ್ಟೂರಿನಲ್ಲಿ ಪದದ ನಡುವಿನ ಉದ್ದನೆಯ ‘ಎಸ್’ ನೋಡಲು ‘ಎಫ್’ನಂತೆಯೇ ಇರುತ್ತದೆ. ಹಾಗಾಗಿ ನನ್ನ ಪುಟದಲ್ಲಿ ‘ಬಾಸೆಲ್’ ಹೋಗಿ ‘ಬಾಫೆಲ್’ ಆಗಿತ್ತು, ‘ಮಿಷನ್’ (Mission) ಪದದ ಎರಡು ‘ಎಸ್’ಗಳ ಜಾಗದಲ್ಲಿ ಎರಡು ‘ಎಫ್’ ಕುಳಿತಿದ್ದವು.

ಎರಡನೆಯದು ಸ್ವಲ್ಪ ಮೈಮುರಿದು ಮಾಡುವ ಕೆಲಸ. ಅಕ್ಷರ ಗುರುತಿಸುವ ಉಚಿತ ತಂತ್ರಾಂಶ ಟೆಸೆರಾಕ್ಟ್‌ಗೆ ಫ್ರಾಕ್ಟೂರ್ ಓದಲು ಕಲಿತ ಮಾದರಿ ಕಡತವನ್ನು ಬೇರೆಯಾಗಿ ಹಾಕಿಕೊಂಡು ಪುಟವನ್ನು ಓದಿಸಬೇಕು. ಸಾಮಾನ್ಯ ಜರ್ಮನ್ ಮಾದರಿ ಸಾಲದು. ಬಂದ ಪಠ್ಯದಲ್ಲಿ ಸಾಲಿನ ಕೊನೆಗೆ ಒಡೆದ ಪದಗಳನ್ನು ಕೂಡಿಸಲೇಬೇಕು: ಆ ಕಾಲದ ಹೈಫನ್ ಎರಡು ಓರೆಗೆರೆಗಳಾಗಿದ್ದು, ಸಮಚಿಹ್ನೆಯ ವೇಷದಲ್ಲಿ ಬಂದಿರುತ್ತದೆ. ಅದನ್ನೂ ಸಾಲುಮುರಿತವನ್ನೂ ಒಟ್ಟಿಗೆ ಹುಡುಕಿ ಅಳಿಸಿದರೆ, ಜರ್ಮನ್ನರ ರೈಲುಗಾಡಿಯಂಥ ಪದಗಳು ಮತ್ತೆ ಒಂದಾಗುತ್ತವೆ. ಆಮೇಲೆ ಪಠ್ಯವನ್ನು ಫೈರ್‌ಫಾಕ್ಸ್ ಬ್ರೌಸರಿನ ಇಂಗ್ಲಿಷ್ ಅನುವಾದಕ್ಕೆ ಕೊಡುತ್ತೇನೆ. 2023ರ 118ನೇ ಆವೃತ್ತಿಯಿಂದ ಬಂದ ಈ ಸೌಲಭ್ಯದಲ್ಲಿ ಭಾಷಾ ಕಡತ ಒಮ್ಮೆ ಇಳಿದರೆ ಸಾಕು, ಅನುವಾದವೆಲ್ಲ ನಮ್ಮ ಯಂತ್ರದಲ್ಲೇ ನಡೆಯುತ್ತದೆ. ಹತ್ತೊಂಬತ್ತನೇ ಶತಮಾನದ ವರದಿಯಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ನಿಜ. ಆದರೆ ಜರ್ಮನಿಯಲ್ಲಿ ಓದುವ ಮಗಳ ಬಾಡಿಗೆ ಕರಾರನ್ನು ಕಂಡವರ ಸರ್ವರ್‌ಗೆ ಏರಿಸಲು ನನಗಂತೂ ಮನಸ್ಸಿಲ್ಲ. ಇಂಗ್ಲಿಷ್ ರೂಪ ಒರಟಾಗಿದ್ದರೂ ಅರ್ಥ ಸಿಗುತ್ತದೆ.

ಮೂರನೆಯದು, ಪುಟದ ಚಿತ್ರವನ್ನೇ ಎಐ ಚಾಟ್‌ಗೆ ಕೊಟ್ಟು ಕನ್ನಡದಲ್ಲಿ ಹೇಳಿಸುವುದು. ಓದಲು ಇದರಷ್ಟು ಸುಖ ಬೇರೆಯದರಲ್ಲಿಲ್ಲ. ಅಪಾಯವೂ ಅಲ್ಲೇ ಇದೆ. ಮಸಿ ಮಸುಕಾದ ಒಂದು ಸಾಲನ್ನು ಅದು ಎಳ್ಳಷ್ಟೂ ಅನುಮಾನ ತೋರಿಸದೆ ತುಂಬಿಬಿಟ್ಟಿತು; ಟೆಸೆರಾಕ್ಟ್ ಅದೇ ಜಾಗದಲ್ಲಿ ಕಸ ಕಾರಿತ್ತು. ನನಗೆ ಕಸವೇ ವಾಸಿ, ಎಲ್ಲಿ ಸಂಶಯ ಪಡಬೇಕೆಂಬುದಾದರೂ ತಿಳಿಯುತ್ತದೆ. ಆದ್ದರಿಂದ ಕನ್ನಡ ಸಾರಾಂಶಕ್ಕೆ ಎಐ, ಇಸವಿ, ಊರು, ಹೆಸರುಗಳಿಗೆ ಟೆಸೆರಾಕ್ಟ್ ಪಠ್ಯ ಎಂದು ಎರಡನ್ನೂ ಅಕ್ಕಪಕ್ಕದ ಕಿಟಕಿಗಳಲ್ಲಿ ತೆರೆದಿಟ್ಟುಕೊಳ್ಳುತ್ತೇನೆ. ಏರಿಸಿ ಅನುವಾದಿಸುವ ದಾರಿ ಇಂದಿನ ಲಿಪಿಯ, ಗುಟ್ಟೇನೂ ಇಲ್ಲದ ಕಾಗದಪತ್ರಗಳಿಗಷ್ಟೇ ಇರಲಿ.

ಕೈಬರಹದ ಪತ್ರಗಳ ಮಾತು ಬೇರೆ. ಕುರೆಂಟ್ ಎಂಬ ಹಳೆಯ ಜರ್ಮನ್ ಮೋಡಿ ಬರಹದ ಮುಂದೆ ಟೆಸೆರಾಕ್ಟ್ ಕೈಚೆಲ್ಲುತ್ತದೆ. ಅಂಥ ಬರಹಗಳಿಗೆ ಟ್ರಾನ್ಸ್‌ಕ್ರಿಬಸ್ ಎಂಬ ಸಾಧನವಿದೆ. ನಾನಿನ್ನೂ ಅದಕ್ಕೆ ಕೈ ಹಾಕಿಲ್ಲ.